ಸೇನೆ ದೊರೆಯದು, ತಲೆದಂಡ ಸಚಿವರದು

ಓದುಗರ ಪ್ರಶ್ನೆ: ಬ್ರಿಟನ್, ಸ್ಪೇನ್, ಬೆಲ್ಜಿಯಂನಂಥ ದೇಶಗಳಲ್ಲಿ ಸೇನೆಗೆ ದೊರೆಯೇ ಮುಖ್ಯಸ್ಥ ಎಂದು ಸಂವಿಧಾನವೇ ಹೇಳುತ್ತದಂತೆ. ಬ್ರಿಟಿಷ್ ಸೈನಿಕರು ಪ್ರಮಾಣ ಮಾಡುವುದೂ ದೊರೆಯ ಹೆಸರಿನಲ್ಲೇ. ಹಾಗಿದ್ದ ಮೇಲೆ ಅಲ್ಲಿ ರಕ್ಷಣಾ ಸಚಿವರಿಗೆ ಏನು ಕೆಲಸ? ದೊರೆ ಒಂದು ಹೇಳಿ, ಸಚಿವರು ಇನ್ನೊಂದು ಹೇಳಿದರೆ ಸೈನಿಕ ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಪರೀಕ್ಷೆಗೆಂದು ಹೆಣೆದ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಒಂದು ದೇಶದಲ್ಲಿ ಅದು ನಡೆದೇ ಹೋಗಿದೆ. ಅದರ ಲೆಕ್ಕ ಚುಕ್ತಾ ಆಗಲು ಹನ್ನೊಂದು ವರ್ಷ ಬೇಕಾಯಿತು.

1940ರ ಮೇ 25, ಬೆಳಗಿನ ಜಾವ. ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್‌ನಲ್ಲಿರುವ ವೈನೆಂಡಾಲೆ ಕೋಟೆ. ಜರ್ಮನ್ ಸೇನೆ ಗಡಿ ದಾಟಿ ಹದಿನೈದು ದಿನ ಆಗಿತ್ತು. ದೊರೆ ಮೂರನೇ ಲಿಯೋಪೋಲ್ಡ್ ಅವರೆದುರು ನಾಲ್ವರು ಸಚಿವರು ಬಂದು ನಿಂತರು: ಪ್ರಧಾನಿ ಪಿಯೆರ್ಲೊ, ವಿದೇಶಾಂಗ ಸಚಿವ ಸ್ಪಾಕ್, ಒಳಾಡಳಿತ ಸಚಿವ ವಾಂಡರ್‌ಪೂರ್ಟನ್ ಮತ್ತು ರಕ್ಷಣಾ ಸಚಿವ ಜನರಲ್ ದೆನಿ. ಸಚಿವರದು ಒಂದೇ ಮಾತು: ಶತ್ರುವಿನ ಕೈಗೆ ಸಿಗಬೇಡಿ, ನಮ್ಮ ಜೊತೆ ಹೊರಟುಬನ್ನಿ, ಹೊರಗಿನಿಂದಲೇ ಯುದ್ಧ ಮುಂದುವರಿಸೋಣ. ದೊರೆಯದೂ ಒಂದೇ ಮಾತು: ನಾನು ಸೇನೆಯ ದಂಡನಾಯಕ, ನನ್ನ ಜಾಗ ನನ್ನ ಸೈನಿಕರ ನಡುವೆ.

ದೊರೆಯ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ದೊರೆ ಸೇನೆಯನ್ನು ನಡೆಸುತ್ತಾನೆ ಎಂದು ಬೆಲ್ಜಿಯಂ ಸಂವಿಧಾನದಲ್ಲಿ ಬರೆದೇ ಇತ್ತು. ಅವರ ತಂದೆ ಒಂದನೇ ಆಲ್ಬರ್ಟ್ 1914ರಲ್ಲಿ ಆ ಮಾತನ್ನು ಅಕ್ಷರಶಃ ಪಾಲಿಸಿ, ಐಸರ್ ನದಿಯ ದಂಡೆಯಲ್ಲಿ ತಾವೇ ಸೇನೆಯನ್ನು ನಿಲ್ಲಿಸಿಕೊಂಡು ವೀರರೆನಿಸಿದ್ದರು. ಮಗನಿಗೆ ಕಣ್ಣೆದುರು ಇದ್ದದ್ದು ಆ ಚಿತ್ರ. ಆದರೆ ಅದೇ ಸಂವಿಧಾನದಲ್ಲಿ ಇನ್ನೆರಡು ಮಾತೂ ಇದ್ದವು. ದೊರೆಯನ್ನು ಹಿಡಿದು ಕೇಳುವಂತಿಲ್ಲ, ಹೊಣೆಯೆಲ್ಲ ಸಚಿವರದು ಎಂಬುದು ಒಂದು. ಸಚಿವರೊಬ್ಬರ ಸಹಿ ಬೀಳದೆ ದೊರೆಯ ಯಾವ ಕ್ರಮವೂ ಊರ್ಜಿತವಾಗದು ಎಂಬುದು ಇನ್ನೊಂದು.

ಮೂರು ದಿನ ಕಳೆದು, ಮೇ 28ರಂದು ಲಿಯೋಪೋಲ್ಡ್ ಶರಣಾದರು. ಸೈನಿಕರು ದೊರೆಯ ಮಾತು ಕೇಳಿ ಆಯುಧ ಕೆಳಗಿಟ್ಟರು. ಅದೇ ದಿನ ಪಿಯೆರ್ಲೊ ರೇಡಿಯೊದಲ್ಲಿ ಮಾತನಾಡಿದರು. ಶತ್ರುವಿನ ಹಿಡಿತದಲ್ಲಿರುವ ದೊರೆ ಆಳುವ ಸ್ಥಿತಿಯಲ್ಲಿಲ್ಲ, ಆತನ ಅಧಿಕಾರವನ್ನು ಸಚಿವ ಸಂಪುಟವೇ ಚಲಾಯಿಸುತ್ತದೆ ಎಂದು ಘೋಷಿಸಿದರು. ಅಂದರೆ ರಣರಂಗದಲ್ಲಿ ಸೇನೆ ದೊರೆಯನ್ನು ಅನುಸರಿಸಿತು, ಆದರೆ ಬೆಲ್ಜಿಯಂ ಎಂಬ ದೇಶ ಸಚಿವರ ಜೊತೆ ಲಂಡನ್‌ಗೆ ಹೋಗಿ ಯುದ್ಧದಲ್ಲಿ ಉಳಿಯಿತು.

ದೊರೆ ಮಾಡಿದ್ದು ಬರೀ ಸೇನಾ ಕ್ರಮ, ಅದರಲ್ಲಿ ರಾಜಕೀಯ ಇಲ್ಲ ಎನ್ನುವುದು ಲಿಯೋಪೋಲ್ಡ್ ಪರ ವಾದ. ನನಗೆ ಆ ವಾದ ಒಪ್ಪಿಗೆಯಿಲ್ಲ. ದೇಶದ ಸೇನೆ ಪೂರ್ತಿ ಆಯುಧ ಕೆಳಗಿಡುವುದು ಬರೀ ಸೇನಾ ಕ್ರಮ ಆಗುವುದು ಹೇಗೆ? ಆ ನಾಲ್ವರಲ್ಲಿ ಒಬ್ಬರಾದರೂ ಸಹಿ ಹಾಕಿದ್ದರೆ, ಯುದ್ಧ ಮುಗಿದ ಮೇಲೆ ಸಂಸತ್ತು ಆ ಸಚಿವರನ್ನು ಹಿಡಿದು ಕೇಳುತ್ತಿತ್ತು, ಬೇಕಾದರೆ ಮನೆಗೆ ಕಳಿಸುತ್ತಿತ್ತು, ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ಸಹಿ ಇಲ್ಲದ್ದರಿಂದ ಪ್ರಶ್ನೆ ನೇರವಾಗಿ ಸಿಂಹಾಸನಕ್ಕೇ ತಗುಲಿತು. ಯುದ್ಧ ಮುಗಿದರೂ ದೊರೆ ಮರಳಲಾಗಲಿಲ್ಲ. ತಮ್ಮ ಚಾರ್ಲ್ಸ್ ರಾಜಪ್ರತಿನಿಧಿಯಾಗಿ ಕೂತರು. 1950ರ ಮಾರ್ಚ್‌ನಲ್ಲಿ ಜನಮತಗಣನೆ ನಡೆದು ಶೇ. 57.7 ಮಂದಿ ದೊರೆ ಬರಲಿ ಎಂದರು, ಆದರೆ ವಲೋನಿಯಾ ಪ್ರಾಂತ್ಯದ ಬಹುಮತ ಬೇಡ ಎಂದಿತು. ಜುಲೈನಲ್ಲಿ ದೊರೆ ಬಂದರು, ಮುಷ್ಕರ ಎದ್ದಿತು, ಲಿಯೇಜ್ ಹತ್ತಿರ ಗುಂಡು ಹಾರಿ ಜನ ಸತ್ತರು. ಕೊನೆಗೆ 1951ರ ಜುಲೈ 16ರಂದು ಲಿಯೋಪೋಲ್ಡ್ ಮಗ ಬೋದ್ವಾಂಗೆ ಪಟ್ಟ ಬಿಟ್ಟುಕೊಟ್ಟರು.

ಇಷ್ಟು ಉದ್ದಕ್ಕೆ ಈ ಕಥೆ ಹೇಳಿದ್ದು ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದರಲ್ಲೇ ಇರುವುದರಿಂದ. ಸಾಂವಿಧಾನಿಕ ರಾಜಪ್ರಭುತ್ವದ ರಕ್ಷಣಾ ಸಚಿವರೆಂದರೆ ದೊರೆಯ ಹೆಸರಿನಲ್ಲಿ ನಡೆಯುವ ಸೇನಾ ಕೆಲಸಕ್ಕೆ ಸಿಕ್ಕಿಹಾಕಿಕೊಳ್ಳಬಲ್ಲ ಮನುಷ್ಯ. ದೊರೆಯನ್ನು ಚುನಾವಣೆಯಲ್ಲಿ ಸೋಲಿಸಲಾಗದು, ಸದನದಲ್ಲಿ ಎದ್ದುನಿಲ್ಲಿಸಿ ಪ್ರಶ್ನೆ ಕೇಳಲಾಗದು, ರಾಜೀನಾಮೆ ಕೇಳಲೂ ಆಗದು. ಸಚಿವರಿಗೆ ಈ ಮೂರನ್ನೂ ಮಾಡಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾವು ಬೈಗುಳದ ಹಾಗೆ ಹೇಳುತ್ತೇವಲ್ಲ, ಈ ವ್ಯವಸ್ಥೆಯಲ್ಲಿ ಅದೇ ನಿಯಮ. ಪೂಜಾರಿ ಕೊಡದೆ ವರ ವರವೇ ಅಲ್ಲ.

ಇದು ಒಂದು ದಿನದಲ್ಲಿ ಆದದ್ದಲ್ಲ. ಬ್ರಿಟನ್‌ನಲ್ಲಿ ಜಗಳ ಶುರುವಾದದ್ದು ದುಡ್ಡಿನಿಂದ. ಸಂಸತ್ತಿನ ಒಪ್ಪಿಗೆ ಇಲ್ಲದೆ ಶಾಂತಿಕಾಲದಲ್ಲಿ ದೊರೆ ಸೇನೆ ಇಟ್ಟುಕೊಳ್ಳುವುದು ಕಾನೂನುಬಾಹಿರ ಎಂದು 1689ರ ಹಕ್ಕುಗಳ ಮಸೂದೆ ಸಾರಿತು. ಆ ಎಳೆ ಇಂದಿಗೂ ಕಡಿದಿಲ್ಲ. ಸಶಸ್ತ್ರ ಪಡೆಗಳ ಕಾಯ್ದೆಯನ್ನು ಐದೈದು ವರ್ಷಕ್ಕೆ ಹೊಸದಾಗಿ ಅಂಗೀಕರಿಸಬೇಕು (2006, 2011, 2016, 2021), ನಡುವೆ ವರ್ಷ ವರ್ಷವೂ ಎರಡೂ ಸದನಗಳು ಅದನ್ನು ಮುಂದುವರಿಸಬೇಕು. ಮರೆತರೆ? ಸೈನಿಕನ ರಾಜನಿಷ್ಠೆ ಹಾಗೇ ಇರುತ್ತದೆ, ಆದರೆ ಮಾತು ಕೇಳದ ಸೈನಿಕನನ್ನು ಶಿಕ್ಷಿಸಲು ಕಾನೂನೇ ಇರುವುದಿಲ್ಲ. ಪ್ರಮಾಣ ದೊರೆಗೆ, ಶಿಸ್ತು ಸಂಸತ್ತಿನಿಂದ. ಆ ಕಾಯ್ದೆಯನ್ನು ಸದನಕ್ಕೆ ತಂದು ದಾಟಿಸುವ ಹೊಣೆ ರಕ್ಷಣಾ ಸಚಿವರದು. ತಮಾಷೆ ಎಂದರೆ ನೌಕಾಪಡೆಯವರು ಆ ಪ್ರಮಾಣವನ್ನೂ ಮಾಡುವುದಿಲ್ಲ. ಅದು ದೊರೆಯ ಪರಮಾಧಿಕಾರದಿಂದಲೇ ಹುಟ್ಟಿದ ಪಡೆ, ನಿಷ್ಠೆಯನ್ನು ಬೇರೆ ಕೇಳಬೇಕಿಲ್ಲ ಎಂಬ ಹಳೆಯ ನಂಬಿಕೆ.

ದುಡ್ಡಿನ ಹಗ್ಗ ಸಂಸತ್ತಿನ ಕೈಗೆ ಬಂದಮೇಲೂ ಆಜ್ಞೆಯ ಹಗ್ಗ ಅರಮನೆಯಲ್ಲೇ ಬಹಳ ಕಾಲ ಇತ್ತು. ವಿಕ್ಟೋರಿಯಾ ರಾಣಿಯ ಚಿಕ್ಕಪ್ಪನ ಮಗನಾದ ಡ್ಯೂಕ್ ಆಫ್ ಕೇಂಬ್ರಿಜ್ 1856ರಿಂದ 1895ರವರೆಗೆ, ಅಂದರೆ 39 ವರ್ಷ, ಸೇನೆಯ ದಂಡನಾಯಕರಾಗಿದ್ದರು. ತಾನು ರಾಣಿಗೆ ಮಾತ್ರ ಬಗ್ಗುವವನು ಎಂಬುದು ಅವರ ನಿಲುವು. 1870ರಲ್ಲಿ ಯುದ್ಧ ಸಚಿವ ಕಾರ್ಡ್‌ವೆಲ್ ಕಾನೂನು ತಂದು ಅವರನ್ನು ಸಚಿವರ ಅಧೀನಕ್ಕೆ ತಂದರು. ಡ್ಯೂಕ್ ತಮ್ಮ ಕಚೇರಿಯನ್ನೂ ಎತ್ತಿಕೊಂಡು ಸಚಿವಾಲಯದ ಕಟ್ಟಡಕ್ಕೆ ಬರಬೇಕಾಯಿತು. ಕಟ್ಟಡದ ವಿಷಯ ಸಣ್ಣದು ಅನ್ನಿಸಬಹುದು, ಆದರೆ ಯಾರು ಯಾರ ಬಾಗಿಲಿಗೆ ಹೋಗಬೇಕು ಎಂಬುದರಲ್ಲೇ ಅಧಿಕಾರ ಕಾಣುವುದು.

ಮರುವರ್ಷದ್ದು ಇನ್ನೂ ರುಚಿಯಾದ ಪ್ರಸಂಗ. ಆಗ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುವ ಪದ್ಧತಿ ಇತ್ತು. ಅದನ್ನು ನಿಲ್ಲಿಸುವ ಮಸೂದೆಗೆ ಮೇಲ್ಮನೆ ಅಡ್ಡಗಾಲು ಹಾಕಿತು. ಸರ್ಕಾರ ಏನು ಮಾಡಿತು ಗೊತ್ತೆ? ಈ ಮಾರಾಟ ನಡೆಯುತ್ತಿದ್ದುದು ರಾಜಾಜ್ಞೆಯ ಮೇರೆಗೆ ತಾನೆ, ಆ ರಾಜಾಜ್ಞೆಯನ್ನೇ ರದ್ದುಮಾಡಿ ಎಂದು ರಾಣಿಗೆ ಸಲಹೆ ಕೊಟ್ಟಿತು. ರಾಣಿ ರದ್ದು ಮಾಡಿದರು. ಜನರ ಪ್ರತಿನಿಧಿಗಳ ಸರ್ಕಾರ ಕುಲೀನರ ಸದನವನ್ನು ಮಣಿಸಿದ್ದು ರಾಣಿಯ ಪರಮಾಧಿಕಾರವನ್ನು ಬಳಸಿ! ರಾಜನ ಅಧಿಕಾರ ಉಳಿದಿದೆ ಎಂದು ಸಂವಿಧಾನದಲ್ಲಿ ಓದಿದಾಗ ನಾವು ಅದು ರಾಜನ ಬಳಿ ಇದೆ ಎಂದುಕೊಳ್ಳುತ್ತೇವೆ. ಅದು ಇರುವುದು ಸಚಿವರ ಮೇಜಿನ ಮೇಲೆ. ದೊರೆಗೆ ಉಳಿದದ್ದು, ಬ್ರಿಟನ್ನಿನ ಹಳೆಯ ಮಾತಿನಂತೆ, ಮೂರೇ ಹಕ್ಕು: ತನ್ನನ್ನೂ ಒಂದು ಮಾತು ಕೇಳಬೇಕು ಎನ್ನುವುದು, ಹುರಿದುಂಬಿಸುವುದು, ಎಚ್ಚರಿಸುವುದು.

ಇಂದಿನ ಯಂತ್ರ ಹೀಗಿದೆ. 1964ರ ಏಪ್ರಿಲ್ 1ರಂದು ಭೂಸೇನೆ, ನೌಕಾಪಡೆ, ವಾಯುಪಡೆಗಳ ಪ್ರತ್ಯೇಕ ಸಚಿವಾಲಯಗಳನ್ನು ಸೇರಿಸಿ ಒಂದೇ ರಕ್ಷಣಾ ಸಚಿವಾಲಯ ಮಾಡಿದರು. ದೊರೆಯ ಆಜ್ಞಾಧಿಕಾರವನ್ನು ರಾಜಸನ್ನದಿನ ಮೂಲಕ ರಕ್ಷಣಾ ಮಂಡಳಿಗೆ ವಹಿಸಿದರು. ಅದರ ಅಧ್ಯಕ್ಷರು ರಕ್ಷಣಾ ಸಚಿವರು. ಅವರ ಒಂದು ಪಕ್ಕದಲ್ಲಿ ಮೂರೂ ಪಡೆಗಳ ಮುಖ್ಯಸ್ಥ, ಇನ್ನೊಂದು ಪಕ್ಕದಲ್ಲಿ ಲೆಕ್ಕಪತ್ರಕ್ಕೆ ಹೊಣೆಯಾದ ಹಿರಿಯ ಅಧಿಕಾರಿ. ಸೇನೆ ಎಲ್ಲಿ ಹೇಗೆ ಹೋರಾಡಬೇಕು ಎಂಬ ವೃತ್ತಿ ಜ್ಞಾನ ಮೊದಲನೆಯವರದು, ದುಡ್ಡು ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಂಬುದು ಎರಡನೆಯವರದು. ಹೋರಾಡಬೇಕೋ ಬೇಡವೋ, ಇಷ್ಟು ದುಡ್ಡು ಇದಕ್ಕೆ ಸುರಿಯಬೇಕೋ ಬೇಡವೋ ಎಂಬ ರಾಜಕೀಯ ತೀರ್ಮಾನವನ್ನು ಸಂಪುಟದಿಂದ ತಂದುಕೊಡುವುದು, ಆಮೇಲೆ ಅದನ್ನು ಸದನದಲ್ಲಿ ಸಮರ್ಥಿಸಿಕೊಳ್ಳುವುದು ಸಚಿವರ ಪಾಲು. ಆಸ್ಟ್ರೇಲಿಯಾದಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಅಲ್ಲಿ ದಂಡನಾಯಕತ್ವ ದೊರೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಹೆಸರಿನಲ್ಲಿದ್ದರೂ ಪಡೆಗಳ ಸಾಮಾನ್ಯ ನಿಯಂತ್ರಣ ಸಚಿವರದು ಎಂದು ರಕ್ಷಣಾ ಕಾಯ್ದೆ ನೇರವಾಗಿಯೇ ಹೇಳುತ್ತದೆ.

ಉಳಿದ ದಿನಗಳ ಕೆಲಸ ಸಪ್ಪೆ. ಸಂಬಳ, ವಸತಿಗೃಹ, ಪಿಂಚಣಿ, ತಡವಾದ ಹಡಗು, ದುಬಾರಿಯಾದ ವಿಮಾನ, ಭರ್ತಿಯಾಗದ ಹುದ್ದೆ. ಸದನದಲ್ಲಿ ಹೆಚ್ಚು ಪ್ರಶ್ನೆ ಬರುವುದೂ ಇವುಗಳ ಮೇಲೇ.

ಒಂದು ತಪ್ಪು ಕಲ್ಪನೆಯನ್ನೂ ಇಲ್ಲೇ ತೆಗೆದುಬಿಡುತ್ತೇನೆ. ದೊರೆ ಹೆಸರಿಗೆ ಮಾತ್ರ ಎಂದರೆ ಸಚಿವರೇ ಸರ್ವಶಕ್ತರು ಎಂದಲ್ಲ. ಯುದ್ಧಕ್ಕೆ ಇಳಿಯುವ ತೀರ್ಮಾನ ಪ್ರಧಾನಿ ಮತ್ತು ಸಂಪುಟದ್ದು. ಬ್ರಿಟನ್ನಿನ ಅಣ್ವಸ್ತ್ರಕ್ಕೆ ಅಪ್ಪಣೆ ಕೊಡುವ ಅಧಿಕಾರ ಪ್ರಧಾನಿಯದು. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧಕ್ಕೆ ಕೆಳಮನೆ 412-149 ಮತಗಳಿಂದ ಒಪ್ಪಿಗೆ ಕೊಟ್ಟಿತು. 2013ರ ಆಗಸ್ಟ್‌ನಲ್ಲಿ ಸಿರಿಯಾ ವಿಷಯದಲ್ಲಿ 285-272ರಿಂದ ಸರ್ಕಾರ ಸೋತಿತು, ವಿಮಾನಗಳು ಹೊರಡಲಿಲ್ಲ. 2018ರಲ್ಲಿ ಅದೇ ಸಿರಿಯಾದ ಮೇಲೆ ಸದನವನ್ನು ಮೊದಲು ಕೇಳದೆಯೇ ದಾಳಿ ನಡೆಯಿತು, ಏಕೆಂದರೆ ಕೇಳಲೇಬೇಕೆಂಬ ಕಾನೂನು ಇಲ್ಲ. ಈ ಮೂರೂ ಸಲ ಸಿಂಹಾಸನದ ಪಾತ್ರ ಸೊನ್ನೆ. ಡೆನ್ಮಾರ್ಕ್ ಇಲ್ಲಿ ಬಿಗಿ: ದೇಶದ ಮೇಲೋ ಅದರ ಪಡೆಗಳ ಮೇಲೋ ದಾಳಿಯಾದಾಗ ಬಿಟ್ಟರೆ, ಸಂಸತ್ತು ಒಪ್ಪದೆ ಬೇರೆ ದೇಶದ ವಿರುದ್ಧ ಸೇನೆ ಬಳಸುವಂತಿಲ್ಲ ಎಂದು ಸಂವಿಧಾನದ 19ನೇ ವಿಧಿಯಲ್ಲೇ ಬರೆದಿಟ್ಟಿದ್ದಾರೆ.

ಸಚಿವರನ್ನು ನಡುವಿನಿಂದ ತೆಗೆದು, ಸೇನಾಪತಿಗಳಿಗೆ ಅರಮನೆಯ ಬಾಗಿಲು ನೇರವಾಗಿ ತೆರೆದಿಟ್ಟರೆ ಏನಾಗುತ್ತದೆ? ಅದಕ್ಕೆ ಜಪಾನ್ ನೋಡಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮೇಜಿ ಸಂವಿಧಾನದಲ್ಲಿ ಸೇನೆಯ ಆಜ್ಞಾಧಿಕಾರ ಚಕ್ರವರ್ತಿಗೆ ಸೇರಿದ್ದು, ಸಂಪುಟಕ್ಕೆ ಅದರಲ್ಲಿ ಕೈ ಹಾಕುವ ಅಧಿಕಾರವಿಲ್ಲ ಎಂದು ಸೇನೆ ವಾದಿಸುತ್ತಿತ್ತು. ಸಾಲದ್ದಕ್ಕೆ 1900ರಲ್ಲಿ, ಸೇವೆಯಲ್ಲಿರುವ ಜನರಲ್ ಮತ್ತು ಅಡ್ಮಿರಲ್‌ಗಳೇ ಸೇನಾ ಸಚಿವರಾಗಬೇಕು ಎಂಬ ನಿಯಮ ಬಂತು. ಇದರ ಮರ್ಮ 1912ರಲ್ಲಿ ಬಯಲಾಯಿತು. ಕೊರಿಯಾಕ್ಕೆ ಎರಡು ಹೊಸ ಡಿವಿಷನ್ ಬೇಕೆಂದು ಸೇನೆ ಹಟ ಹಿಡಿಯಿತು, ದುಡ್ಡಿಲ್ಲ ಎಂದು ಸಂಪುಟ ಹೇಳಿತು. ಸೇನಾ ಸಚಿವ ಉಯೆಹರಾ ಪ್ರಧಾನಿಯನ್ನು ಬದಿಗೆ ಬಿಟ್ಟು ನೇರ ಚಕ್ರವರ್ತಿಗೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಇನ್ನೊಬ್ಬ ಜನರಲ್‌ನನ್ನು ಕಳಿಸಲು ಸೇನೆ ಒಪ್ಪಲಿಲ್ಲ. ಸಚಿವರಿಲ್ಲದ ಸಂಪುಟ ಉರುಳಿತು. 1913ರಲ್ಲಿ ನಿಯಮ ಸಡಿಲವಾಯಿತು, 1936ರಲ್ಲಿ ಮತ್ತೆ ಬಿಗಿಯಾಯಿತು, 1940ರ ಜುಲೈನಲ್ಲಿ ಪ್ರಧಾನಿ ಯೊನಾಯ್ ಅವರ ಸರ್ಕಾರವೂ ಇದೇ ರೀತಿ ಬಿತ್ತು. ಹೆಸರು ಸಚಿವ, ಕೆಲಸ ಸಂಪುಟದೊಳಗೆ ಸೇನೆಯ ವಕಾಲತ್ತು. ಯುದ್ಧ ಸೋತ ಮೇಲೆ ಬರೆದ ಸಂವಿಧಾನದಲ್ಲಿ ಚಕ್ರವರ್ತಿಗೆ ಆಡಳಿತದ ಅಧಿಕಾರವೇ ಇಲ್ಲ, ಸಚಿವರೆಲ್ಲರೂ ನಾಗರಿಕರೇ ಆಗಿರಬೇಕು ಎಂದು 66ನೇ ವಿಧಿ ಹೇಳುತ್ತದೆ. ಪಡೆಗಳ ಪರಮೋಚ್ಚ ಅಧಿಕಾರ ಪ್ರಧಾನಿಯದಾಯಿತು. ರಕ್ಷಣೆಗೆ ಪೂರ್ಣ ಸಚಿವಾಲಯದ ಸ್ಥಾನ ಸಿಕ್ಕಿದ್ದು 2007ರ ಜನವರಿಯಲ್ಲಿ. ಅಷ್ಟು ಭಯ ಕೂತಿತ್ತು.

ಸ್ವೀಡನ್‌ನವರು ಇದೇ ಪಾಠವನ್ನು ರಕ್ತವಿಲ್ಲದೆ ಕಲಿತರು. 1914ರ ಫೆಬ್ರುವರಿ 6ರಂದು ಮೂವತ್ತು ಸಾವಿರಕ್ಕೂ ಹೆಚ್ಚು ರೈತರು ಸ್ಟಾಕ್‌ಹೋಮ್ ಅರಮನೆಯ ಅಂಗಳಕ್ಕೆ ಬಂದು, ರಕ್ಷಣೆಗೆ ಹೆಚ್ಚು ಖರ್ಚು ಮಾಡಿ, ತೆರಿಗೆ ಕೊಡಲು ನಾವು ತಯಾರು ಎಂದರು. ದೊರೆ ಐದನೇ ಗುಸ್ತಾವ್ ಅಂಗಳದಲ್ಲೇ ನಿಂತು, ತಮ್ಮದೇ ಸರ್ಕಾರದ ರಕ್ಷಣಾ ನೀತಿಗೆ ಎದುರಾದ ಭಾಷಣ ಮಾಡಿದರು. ಇನ್ನು ಮುಂದೆ ಇಂಥ ಮಾತಾಡುವ ಮೊದಲು ನಮಗೆ ತಿಳಿಸಬೇಕು ಎಂದು ಪ್ರಧಾನಿ ಸ್ತಾಫ್ ಭರವಸೆ ಕೇಳಿದರು. ದೊರೆ ಕೊಡಲಿಲ್ಲ, ಸರ್ಕಾರ ರಾಜೀನಾಮೆ ಕೊಟ್ಟಿತು. ಆ ದಿನ ಗೆದ್ದದ್ದು ದೊರೆ. ಆದರೆ 1975ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದಲ್ಲಿ ಸ್ವೀಡನ್ನಿನ ದೊರೆಗೆ ಸೇನೆಯ ಮೇಲೆ ಹೆಸರಿನ ಅಧಿಕಾರವೂ ಉಳಿಯಲಿಲ್ಲ. ಇನ್ನೂ ವಿಚಿತ್ರವೆಂದರೆ ಅಲ್ಲಿ ರಕ್ಷಣಾ ಸಚಿವರೂ ಸಾಮಾನ್ಯವಾಗಿ ಒಬ್ಬರೇ ಕೂತು ಸೇನೆಗೆ ಆದೇಶ ಕೊಡುವಂತಿಲ್ಲ, ಇಡೀ ಸಂಪುಟ ಸೇರಿ ನಿರ್ಧರಿಸಬೇಕು. ದೊರೆಗೆ ಬೇಡ ಎಂದ ಅಧಿಕಾರವನ್ನು ಇನ್ನೊಬ್ಬ ಒಂಟಿ ಮನುಷ್ಯನಿಗೂ ಕೊಡಲಿಲ್ಲ.

ಎಲ್ಲ ರಾಜಪ್ರಭುತ್ವಗಳೂ ಈ ದಾರಿಯಲ್ಲೇ ನಡೆದಿಲ್ಲ. ಮಲೇಷ್ಯಾದಲ್ಲಿ ಸೇನಾ ಮಂಡಳಿಗೆ ಸಚಿವರೇ ಅಧ್ಯಕ್ಷರು, ಆದರೆ ರಾಜ್ಯಗಳ ಸುಲ್ತಾನರ ಪರವಾಗಿ ಒಬ್ಬ ಸದಸ್ಯರೂ ಅಲ್ಲಿ ಕೂರುತ್ತಾರೆ. ಜೋರ್ಡಾನ್‌ನಲ್ಲಿ 2014ರ ತಿದ್ದುಪಡಿಯ ನಂತರ ಸೇನಾ ಮುಖ್ಯಸ್ಥರನ್ನು ದೊರೆ ತಾವೇ ನೇಮಿಸುತ್ತಾರೆ. ಮೊರಾಕ್ಕೊದಲ್ಲಿ 1972ರ ಆಗಸ್ಟ್‌ನಲ್ಲಿ ಯುದ್ಧವಿಮಾನಗಳು ದೊರೆಯ ವಿಮಾನದ ಮೇಲೆಯೇ ಗುಂಡು ಹಾರಿಸಿದವು. ಸಂಚಿನ ಹಿಂದೆ ಇದ್ದವರು ರಕ್ಷಣಾ ಸಚಿವ ಉಫ್ಕೀರ್. ದೊರೆ ಎರಡನೇ ಹಸನ್ ಆ ಹುದ್ದೆಯನ್ನೇ ತೆಗೆದುಹಾಕಿದರು. ಅಂಥಲ್ಲಿ ಸಚಿವರೆಂಬ ಹೆಸರು ಇದ್ದರೂ ನಾನು ಹೇಳುತ್ತಿರುವ ಅರ್ಥದ ರಕ್ಷಣಾ ಸಚಿವರು ಇಲ್ಲ.

ನೇಪಾಳ ಎರಡರ ನಡುವೆ ಸಿಕ್ಕಿ ನಲುಗಿತು. 1990ರ ಸಂವಿಧಾನದ ಪ್ರಕಾರ ಪ್ರಧಾನಿ, ರಕ್ಷಣಾ ಸಚಿವ, ಸೇನಾಪತಿ ಈ ಮೂವರ ಮಂಡಳಿ ಶಿಫಾರಸು ಮಾಡಬೇಕು, ಅದರಂತೆ ದೊರೆ ಸೇನೆಯನ್ನು ಬಳಸಬೇಕು. ಕಾಗದದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಸೇನೆ ಮನಸ್ಸಿನಲ್ಲಿ ಅರಮನೆಯ ಸೇನೆಯಾಗಿಯೇ ಉಳಿಯಿತು. 2001ರ ಜುಲೈನಲ್ಲಿ ರೋಲ್ಪಾ ಜಿಲ್ಲೆಯ ಹೋಲೇರಿಯಲ್ಲಿ ಮಾವೋವಾದಿಗಳು ಪೊಲೀಸರನ್ನು ಒತ್ತೆ ಹಿಡಿದಾಗ ಪ್ರಧಾನಿ ಗಿರಿಜಾ ಪ್ರಸಾದ ಕೊಯಿರಾಲ ಬಯಸಿದಂತೆ ಸೇನೆ ಕಾರ್ಯಾಚರಣೆ ಮಾಡಲಿಲ್ಲ. ಅವರು ರಾಜೀನಾಮೆ ಕೊಟ್ಟರು. 2005ರ ಫೆಬ್ರುವರಿ 1ರಂದು ದೊರೆ ಜ್ಞಾನೇಂದ್ರ ಅದೇ ಸೇನೆಯ ಬಲದಿಂದ ಸರ್ಕಾರವನ್ನು ವಜಾ ಮಾಡಿದರು. ಮರುವರ್ಷ ಸಂಸತ್ತು ಮರಳಿದಾಗ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಸೇನೆಯ ಹೆಸರಿನಿಂದ ‘ಶಾಹಿ’ (ಅಂದರೆ ರಾಜನ) ಎಂಬ ಪದವನ್ನು ಕಿತ್ತುಹಾಕಿದ್ದು. 2008ರ ಮೇ 28ಕ್ಕೆ ರಾಜಪ್ರಭುತ್ವವೂ ಹೋಯಿತು.

ನನ್ನ ವಾದಕ್ಕೆ ಮುಜುಗರ ತರುವ ಒಂದು ಘಟನೆಯನ್ನು ಮುಚ್ಚಿಡುವಂತಿಲ್ಲ. ಸ್ಪೇನ್, 1981ರ ಫೆಬ್ರುವರಿ 23. ಲೆಫ್ಟಿನೆಂಟ್ ಕರ್ನಲ್ ತೆಖೆರೊ ಸುಮಾರು ಇನ್ನೂರು ಅರೆಸೇನಾ ಪೊಲೀಸರು, ಅಂದರೆ ಸಿವಿಲ್ ಗಾರ್ಡ್‌ಗಳೊಂದಿಗೆ ಸಂಸತ್ತಿಗೆ ನುಗ್ಗಿ ಇಡೀ ಸರ್ಕಾರವನ್ನು ಒತ್ತೆ ಹಿಡಿದರು. ವೆಲೆನ್ಸಿಯಾದಲ್ಲಿ ಟ್ಯಾಂಕ್‌ಗಳು ಬೀದಿಗಿಳಿದವು. ದೊರೆಯ ಒಪ್ಪಿಗೆ ಇದೆ ಎಂದು ಹೇಳಿಕೊಂಡೇ ಸಂಚುಕೋರರು ಹೊರಟಿದ್ದರು. ನೀವು ಕೇಳಿದ ಸೈನಿಕ ಆ ರಾತ್ರಿ ನಿಜವಾಗಿ ಕವಲುದಾರಿಯಲ್ಲಿ ನಿಂತಿದ್ದ. ರಕ್ಷಣಾ ಸಚಿವ ರೊದ್ರಿಗೆಸ್ ಸಾಗುನ್ ಸಂಸತ್ತಿನೊಳಗೆ ಬಂದಿ. ದೊರೆಗೆ ಸಲಹೆ ಕೊಡಲು, ಆಜ್ಞೆಗೆ ಸಹಿ ಹಾಕಲು ಒಬ್ಬ ಸಚಿವರೂ ಹೊರಗಿಲ್ಲ. ದೊರೆ ಹುವಾನ್ ಕಾರ್ಲೋಸ್ ಪ್ರಾಂತೀಯ ಸೇನಾಪತಿಗಳಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿದರು. ನಡುರಾತ್ರಿ ಕಳೆದು ಒಂದೂಕಾಲರ ಹೊತ್ತಿಗೆ ದಂಡನಾಯಕನ ಸಮವಸ್ತ್ರದಲ್ಲಿ ಟಿವಿಯಲ್ಲಿ ಬಂದು, ಸಂವಿಧಾನಬದ್ಧ ವ್ಯವಸ್ಥೆಯನ್ನು ಕಾಪಾಡಲು ಆಜ್ಞೆ ಕೊಟ್ಟಿದ್ದೇನೆ ಎಂದರು. ದಂಗೆ ಬೆಳಗಾಗುವುದರೊಳಗೆ ಸೊರಗಿತು.

ಹಾಗಾದರೆ ದೊರೆಯ ಆಜ್ಞೆಯೇ ದೇಶ ಉಳಿಸಿತಲ್ಲ ಎಂದು ಕೇಳಬಹುದು. ಹೌದು, ಉಳಿಸಿತು. ಆದರೆ ಆ ರಾತ್ರಿ ಇನ್ನೊಂದು ಕೆಲಸವೂ ನಡೆದಿತ್ತು, ಅದನ್ನು ಬಹಳ ಜನ ಮರೆಯುತ್ತಾರೆ. ಸಚಿವರು ಒತ್ತೆಯಲ್ಲಿದ್ದುದರಿಂದ ಖಾತೆಗಳ ಎರಡನೇ ಸಾಲಿನ ಅಧಿಕಾರಿಗಳೆಲ್ಲ ಸೇರಿ, ಭದ್ರತಾ ವಿಭಾಗದ ಮುಖ್ಯಸ್ಥ ಲೈನಾ ಅವರ ಮುಂದಾಳ್ತನದಲ್ಲಿ ತಾತ್ಕಾಲಿಕ ನಾಗರಿಕ ಸರ್ಕಾರ ಕಟ್ಟಿಕೊಂಡರು. ಲಿಯೋಪೋಲ್ಡ್ ತಮ್ಮ ಸಚಿವರ ಮಾತು ತಳ್ಳಿ ಆಜ್ಞೆ ಕೊಟ್ಟರು. ಹುವಾನ್ ಕಾರ್ಲೋಸ್ ಬಂದಿಯಾದ ಸಚಿವರ ಕುರ್ಚಿ ಅವರಿಗೇ ವಾಪಸ್ ಸಿಗಲಿ ಎಂದು ಆಜ್ಞೆ ಕೊಟ್ಟರು. ಮುಂದಿನ ವರ್ಷ ಅಧಿಕಾರಕ್ಕೆ ಬಂದ ಸರ್ಕಾರದಲ್ಲಿ ನಾರ್ಸಿಸ್ ಸೆರ್ರಾ ರಕ್ಷಣಾ ಸಚಿವರಾಗಿ 1991ರವರೆಗೆ ಇದ್ದು, ಸೇನೆಯನ್ನು ಮೆಲ್ಲಗೆ ನಾಗರಿಕ ಹಿಡಿತಕ್ಕೆ ತಂದರು. ಇನ್ನೊಂದು ಫೆಬ್ರುವರಿ 23 ಬಂದರೆ ದೊರೆಯ ಫೋನಿಗೆ ಕಾಯಬೇಕಾಗಬಾರದು ಎಂಬುದೇ ಆ ಎಂಟು ವರ್ಷಗಳ ದುಡಿಮೆ ಎಂದು ನಾನು ಓದಿಕೊಳ್ಳುತ್ತೇನೆ.

ಈಗ ನಿಮ್ಮ ಸೈನಿಕನಿಗೆ ಉತ್ತರ. ಅವನ ಕೈಗೆ ದೊರೆಯ ಆಜ್ಞೆ ಎಂದೂ ನೇರವಾಗಿ ಬರುವುದಿಲ್ಲ, ಮೇಲಧಿಕಾರಿಯಿಂದ ಬರುತ್ತದೆ. ಆ ಮೇಲಧಿಕಾರಿಗಳ ಸಾಲಿನ ತುದಿಯಲ್ಲಿ ಸಂಸತ್ತಿಗೆ ಉತ್ತರ ಕೊಡಬೇಕಾದ ಸಚಿವರೊಬ್ಬರು ಇದ್ದರೆ ಅದು ಕಾನೂನಿನ ಆಜ್ಞೆ. ದೊರೆಗೆ ಮಾಡಿದ ಪ್ರಮಾಣ ಆ ಸಾಲನ್ನು ದಾಟಿ ಅರಮನೆಗೆ ಓಡಲು ಕೊಟ್ಟ ರಹದಾರಿಯಲ್ಲ. ಬ್ರಿಟನ್ನಿನ ಪ್ರಮಾಣದಲ್ಲಿ ದೊರೆ ಎಂದರೆ ವ್ಯಕ್ತಿಗಿಂತ ಹೆಚ್ಚಾಗಿ ರಾಜ್ಯ ಎಂದೇ ಅರ್ಥ. ನೆದರ್ಲೆಂಡ್ಸ್‌ನವರಂತೂ ಈ ಗೊಂದಲವೇ ಬೇಡವೆಂದು, ಸೇನೆಯ ಮೇಲಿನ ಪರಮಾಧಿಕಾರ ಸರ್ಕಾರದ್ದು ಎಂದು ಸಂವಿಧಾನದ 97ನೇ ವಿಧಿಯಲ್ಲಿ ಬರೆದುಬಿಟ್ಟಿದ್ದಾರೆ.

ಆ ದೇಶದಲ್ಲಿ ನಡೆದ ಒಂದು ಘಟನೆ ಈ ಹುದ್ದೆಯ ನಿಜವಾದ ತೂಕ ತೋರಿಸುತ್ತದೆ. 2016ರ ಜುಲೈನಲ್ಲಿ ಮಾಲಿಯಲ್ಲಿ ಶಾಂತಿಪಾಲನೆಗೆ ಹೋಗಿದ್ದ ಡಚ್ ಪಡೆಯ ತಾಲೀಮಿನಲ್ಲಿ ಮಾರ್ಟರ್ ಗುಂಡು ಸಿಡಿದು ಇಬ್ಬರು ಸೈನಿಕರು ಸತ್ತರು, ಮತ್ತೊಬ್ಬರು ತೀವ್ರವಾಗಿ ಗಾಯಗೊಂಡರು. ಆ ಗುಂಡುಗಳನ್ನು ಖರೀದಿಸಿದ್ದು 2006ರಲ್ಲಿ, ಸರಿಯಾದ ಗುಣಮಟ್ಟದ ಪರೀಕ್ಷೆ ಆಗಿರಲಿಲ್ಲ ಎಂದು ಡಚ್ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಗುಂಡು ಸಿಡಿದಾಗ ರಕ್ಷಣಾ ಸಚಿವರಾಗಿದ್ದ ಜನೀನ್ ಹೆನ್ನಿಸ್ ಖರೀದಿ ನಡೆದಾಗ ಆ ಹುದ್ದೆಯಲ್ಲಿರಲಿಲ್ಲ, ಆ ಗುಂಡುಗಳನ್ನು ಕಣ್ಣಿಂದ ನೋಡಿಯೂ ಇರಲಾರರು. ಆದರೂ 2017ರ ಅಕ್ಟೋಬರ್ 3ರಂದು ಸಂಸತ್ತಿನ ಚರ್ಚೆಯ ಕೊನೆಗೆ ಅವರು ರಾಜೀನಾಮೆ ಕೊಟ್ಟರು, ಸೇನಾ ಮುಖ್ಯಸ್ಥರೂ ಹೊರನಡೆದರು. ಸಚಿವರನ್ನು ಬಿಡುಗಡೆ ಮಾಡುವುದು ಅಲ್ಲಿ ರಾಜಾಜ್ಞೆಯಿಂದ. ಆ ಆಜ್ಞೆಗೂ ದೊರೆಯ ಸಹಿ ಒಂದೇ ಸಾಲದು, ಪಕ್ಕದಲ್ಲಿ ಪ್ರಧಾನಿಯ ಸಹಿ ಬೇಕು.